ಕೆಜಿಎಫ್‌ನ ಇಂಗ್ಲಿಷ್ ಯಾರದು?

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂ ಕಡೆಗೆ ಒಂದು ಕವಲು ರೈಲುಹಾದಿ ಹೊರಡುತ್ತದೆ. ಬೆಮಲ್ ನಗರ, ಕೋರಮಂಡಲ್, ಉರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ: ಹದಿನಾರು ಕಿಲೊಮೀಟರಿಗೆ ಐದು ನಿಲ್ದಾಣ. ಚಿನ್ನದ ಗಣಿಗಳಿಗೆ ಕಲ್ಲಿದ್ದಲು, ಮರದ ದಿಮ್ಮಿ, ಯಂತ್ರ ಸಾಗಿಸಲೆಂದು 1894ರಲ್ಲಿ ಹಾಕಿದ ಹಳಿ ಇದು. ಈಗ ಅದೇ ಹಳಿಯ ಮೇಲೆ ಬೆಳಗಿನ ಜಾವದಲ್ಲಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಆ ಬೋಗಿಗಳಲ್ಲಿ ತಮಿಳು ಗಟ್ಟಿಯಾಗಿ ಕೇಳುತ್ತದೆ. ಬಂಗಾರಪೇಟೆ ದಾಟಿದ ಮೇಲೆ ಕನ್ನಡ, ತೆಲುಗು, ಉರ್ದು ಸೇರಿಕೊಳ್ಳುತ್ತವೆ. ಇಷ್ಟರ ನಡುವೆ ಫೋನಿನಲ್ಲಿ, ಕಚೇರಿಯ ಮಾತಿನಲ್ಲಿ, ಪಕ್ಕದ ಸೀಟಿನವರೊಂದಿಗಿನ ಹರಟೆಯಲ್ಲಿ ಇಂಗ್ಲಿಷ್ ತೀರಾ ಸಲೀಸಾಗಿ ಬಂದುಹೋಗುತ್ತದೆ.

ಇಂಗ್ಲಿಷ್ ಎಲ್ಲೆಲ್ಲಿದೆ ಎಂದು ತೋರಿಸುವ ಭೂಪಟಗಳು ದೇಶ ದೇಶಕ್ಕೇ ಒಂದೊಂದು ಬಣ್ಣ ಬಳಿಯುತ್ತವೆ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಗಾಢ ಬಣ್ಣ, ಭಾರತ, ನೈಜೀರಿಯಾಗಳಿಗೆ ತಿಳಿ ಬಣ್ಣ. ಜಗತ್ತಿನಲ್ಲಿ ಸುಮಾರು 150 ಕೋಟಿ ಜನ ಇಂಗ್ಲಿಷ್ ಬಲ್ಲರೆಂದೂ ಅವರಲ್ಲಿ ತಾಯಿನುಡಿಯಾಗಿ ಆಡುವವರು 40 ಕೋಟಿಯೊಳಗೇ ಎಂದೂ ಅಂದಾಜಿದೆ. ಅಂದರೆ ನಾಲ್ವರಲ್ಲಿ ಮೂವರಿಗೆ ಅದು ಕಲಿತ ಭಾಷೆ. ಎಲ್ಲಿ ಕಲಿತರು, ಯಾಕೆ ಕಲಿತರು, ಕಲಿಯುವಾಗ ತಮ್ಮದನ್ನು ಉಳಿಸಿಕೊಂಡರೋ ಕಳೆದುಕೊಂಡರೋ ಎಂಬುದು ದೇಶದ ಲೆಕ್ಕದಲ್ಲಿ ಕಾಣುವುದಿಲ್ಲ. ಅದನ್ನು ನೋಡಲು ಒಂದು ಊರಿಗೆ, ಒಂದು ಗಣಿಗೆ, ಒಂದು ಶಾಲೆಗೆ ಹೋಗಬೇಕು. ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆಜಿಎಫ್, ಅಂಥ ಊರು.

ಕೆಜಿಎಫ್‌ಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಅಡ್ಡಹೆಸರಿದೆ. ತಂಪು ಹವೆ, ಬಂಗಲೆಗಳು, ಕ್ಲಬ್, ಗಾಲ್ಫ್ ಮೈದಾನ, ಚರ್ಚುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ಹೆಸರು. ಊರಿನ ಇಂಗ್ಲಿಷಿನ ಕಥೆಯನ್ನೂ ಹೀಗೇ ಹೇಳುವುದು ರೂಢಿ: ಬಿಳಿಯರು ಬಂದರು, ಭಾಷೆ ಬಿಟ್ಟುಹೋದರು. ಈ ಕಥೆ ಅರ್ಧ ಸತ್ಯ. ಬಂದ ಬಿಳಿಯರು ಯಾರೆಂಬುದನ್ನೂ ಅದು ಹೇಳುವುದಿಲ್ಲ, ಅವರು ಹೋದ ಮೇಲೆ ಆ ಭಾಷೆಯನ್ನು ಯಾರು ಬೆಳೆಸಿದರೆಂಬುದನ್ನೂ ಹೇಳುವುದಿಲ್ಲ.

ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಕಂಡು ದಾಖಲಿಸಿದ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದ ಐರಿಷ್ ಸೈನಿಕ ಮೈಕೇಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದ. ಅವನ ಕೈಯಲ್ಲಿ ಹಣ ನಿಲ್ಲಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು, ಕೆಲವೇ ವರ್ಷಗಳಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಚಾಂಪಿಯನ್ ಅದಿರುಸೆಲೆಯನ್ನು ಹಿಡಿದ. ಪ್ಲಮ್ಮರ್ ಸೈನ್ಯದ ಕ್ಯಾಪ್ಟನ್ ಅಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಗಣಿಯ ಮೇಲ್ವಿಚಾರಕನನ್ನು ಹಾಗೆ ಕರೆಯುವುದು ವಾಡಿಕೆ. ತವರ, ತಾಮ್ರದ ಗಣಿಗಳ ಆ ಸೀಮೆಯಲ್ಲಿ ಕೆಲಸ ಕುಸಿದಾಗ ಅಲ್ಲಿಯ ಗಣಿಗಾರರು ಜಗತ್ತಿನ ಮೂಲೆ ಮೂಲೆಗೆ ಹೊರಟರು. ಅವರಲ್ಲಿ ಒಂದು ತಂಡ ಕೋಲಾರಕ್ಕೆ ಬಂತು.

ಕಾರ್ನ್‌ವಾಲ್‌ನ ಜನರ ಮೂಲ ಭಾಷೆಯೂ ಇಂಗ್ಲಿಷ್ ಆಗಿರಲಿಲ್ಲ. ವೆಲ್ಷ್, ಬ್ರೆಟನ್ ಭಾಷೆಗಳ ಒಡಹುಟ್ಟಾದ ಕಾರ್ನಿಷ್ ಅವರ ನುಡಿ. 1549ರಲ್ಲಿ ಚರ್ಚಿನ ಪ್ರಾರ್ಥನೆಯನ್ನು ಇಂಗ್ಲಿಷಿಗೆ ಬದಲಿಸಿದಾಗ ಅವರು ದಂಗೆಯೆದ್ದರು, ಸಾವಿರಾರು ಜನ ಸತ್ತರು. ಅಲ್ಲಿಂದ ಮುಂದೆ ಭಾಷೆ ಹಳ್ಳಿ ಹಳ್ಳಿಯಿಂದ ಹಿಂದೆ ಸರಿಯುತ್ತಾ ಹೋಯಿತು. 1777ರಲ್ಲಿ ತೀರಿಕೊಂಡ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಹೆಂಗಸನ್ನು ಆ ಭಾಷೆಯನ್ನು ತಾಯಿನುಡಿಯಾಗಿ ಆಡಿದ ಕೊನೆಯವಳೆಂದು ವಾಡಿಕೆಯಲ್ಲಿ ಹೇಳುತ್ತಾರೆ. ಅದಾದ ನೂರು ವರ್ಷಕ್ಕೆ ಕೋಲಾರದ ನೆಲದಡಿ ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟ ಕಾರ್ನಿಷ್ ಫೋರ್‌ಮನ್‌ಗಳು ತಮ್ಮ ನುಡಿಯನ್ನು ಅದೇ ಇಂಗ್ಲಿಷಿಗೆ ಸೋತವರ ಮೊಮ್ಮಕ್ಕಳು, ಮರಿಮಕ್ಕಳು. ಇಂಗ್ಲಿಷ್ ಜಗತ್ತಿನಲ್ಲಿ ಹೇಗೆ ಹರಡಿತು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. ಹೊತ್ತು ತಂದವರೂ ಒಂದು ಕಾಲಕ್ಕೆ ಅದನ್ನು ಹೊರಿಸಿಕೊಂಡವರೇ.

ಈ ಗಣಿಗಾರರು ಹೋದ ಕಡೆಯೆಲ್ಲ ಇಂಗ್ಲಿಷಿನ ಗತಿ ಒಂದೇ ಆಗಲಿಲ್ಲ. 1824ರಲ್ಲಿ ಇದೇ ಜಾನ್ ಟೇಲರ್ ಮುಂದಾಳುತನದ ಕಂಪನಿ ಮೆಕ್ಸಿಕೊದ ರಿಯಲ್ ದೆಲ್ ಮಾಂಟೆಯ ಬೆಳ್ಳಿ ಗಣಿಗಳನ್ನು ಹಿಡಿದಿತ್ತು. ಕಾರ್ನ್‌ವಾಲ್‌ನಿಂದ ಗಣಿಗಾರರು ಉಗಿಯಂತ್ರಗಳೊಂದಿಗೆ ಅಲ್ಲಿಗೆ ಹೋದರು. ಇವತ್ತು ಅಲ್ಲಿ ಉಳಿದಿರುವುದು ಬೆಟ್ಟದ ಮೇಲಿನ ಇಂಗ್ಲಿಷ್ ಸ್ಮಶಾನ, ಫುಟ್‌ಬಾಲ್ ಹುಚ್ಚು, ಮತ್ತು ಕಾರ್ನಿಷ್ ಮಾದರಿಯ ಹೂರಣದ ಕಡುಬು. ಆ ಕಡುಬಿಗೆ ಮೆಣಸಿನಕಾಯಿ ಸೇರಿ ಪಚೂಕಾ ನಗರದ ಬೀದಿತಿಂಡಿಯಾಗಿದೆ. ಭಾಷೆ ಮಾತ್ರ ಸ್ಪ್ಯಾನಿಷ್. ಗಣಿಗಾರರ ಮಕ್ಕಳು ಊರಿನವರಾದರು, ಊರಿನ ನುಡಿಯನ್ನೇ ಆಡಿದರು. ದಕ್ಷಿಣ ಆಸ್ಟ್ರೇಲಿಯಾದ ಮೂಂಟಾದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 1861ರಲ್ಲಿ ಅಲ್ಲಿ ತಾಮ್ರ ಸಿಕ್ಕಿತು, ಕಾರ್ನಿಷ್ ಕುಟುಂಬಗಳು ಹಿಂಡುಹಿಂಡಾಗಿ ಬಂದವು, ಆ ನೆಲದ ನರುಂಗ ಜನರ ಭಾಷೆ ದಿನಬಳಕೆಯಿಂದ ಅಳಿಯಿತು. ಈಗ ಅದನ್ನು ಹಳೆಯ ಟಿಪ್ಪಣಿಗಳಿಂದ ಮತ್ತೆ ಕಟ್ಟಿಕೊಳ್ಳಲು ಅವರ ಮಕ್ಕಳು ಹೆಣಗುತ್ತಿದ್ದಾರೆ.

ಒಂದು ಕಡೆ ಇಂಗ್ಲಿಷ್ ಕರಗಿತು, ಇನ್ನೊಂದು ಕಡೆ ನೆಲದ ಮಾತನ್ನು ನುಂಗಿತು. ಕೋಲಾರದಲ್ಲಿ ಎರಡೂ ಆಗಲಿಲ್ಲ.

ಯಾಕೆಂದರೆ ಗಣಿಗೆ ಇಳಿದವರು ಬೇರೆಯವರು. ಉತ್ತರ ಆರ್ಕಾಟ್, ದಕ್ಷಿಣ ಆರ್ಕಾಟ್, ಸೇಲಂ ಸೀಮೆಯಿಂದ ತಮಿಳರು, ಚಿತ್ತೂರು ಕಡೆಯಿಂದ ತೆಲುಗರು ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದರು. ಬಹುಪಾಲು ದಲಿತರು. ಊರಿನ ಹೊಲಗಳಲ್ಲಿ ಜೀತದ ಬಾಳು ಬೇಡವೆಂದು ಬರಗಾಲದ ವರ್ಷಗಳಲ್ಲಿ ಹೊರಟು ಬಂದವರು. ಕಂಪನಿ ಅವರಿಗೆ ತಟ್ಟಿಯ ಗುಡಿಸಲುಗಳ ‘ಲೈನು’ಗಳನ್ನು ಹಾಕಿಕೊಟ್ಟಿತು. ಮೇಲೆ ಯುರೋಪಿಯನ್ ಅಧಿಕಾರಿ, ಅವನ ಕೆಳಗೆ ಆಂಗ್ಲೋ-ಇಂಡಿಯನ್ ಮೇಲ್ವಿಚಾರಕ, ಆಮೇಲೆ ಮೇಸ್ತ್ರಿ, ಕೊನೆಗೆ ಕೂಲಿ. ಕಾವಲಿಗೆ ಪಂಜಾಬಿನ ಸಿಖ್ಖರು. ಮೈಸೂರು ಸಂಸ್ಥಾನದ ಕನ್ನಡ ತಾಲ್ಲೂಕು ಕಚೇರಿಯಲ್ಲಿತ್ತು, ಕಂದಾಯ ಪತ್ರದಲ್ಲಿತ್ತು, ಸುತ್ತಲ ಹಳ್ಳಿಗಳಲ್ಲಿತ್ತು. ಗಣಿಯ ಬೇಲಿಯೊಳಗೆ ಅದಕ್ಕೆ ಕೆಲಸವಿರಲಿಲ್ಲ.

ಈ ಏಣಿಯ ಪ್ರತಿ ಮೆಟ್ಟಿಲಲ್ಲೂ ಇಂಗ್ಲಿಷಿನ ಪಾಲು ಬೇರೆ ಬೇರೆ. ಅಧಿಕಾರಿಗೆ ಅದು ಪೂರ್ತಿ ಭಾಷೆ. ಮೇಸ್ತ್ರಿಗೆ ಅಪ್ಪಣೆ ಅರಿಯುವಷ್ಟು, ಹಾಜರಿ ಹೇಳುವಷ್ಟು. ನೆಲದಡಿ ಇಳಿಯುವವನಿಗೆ ಶಾಫ್ಟ್, ಕೇಜ್, ಲೆವೆಲ್, ಸ್ಟೋಪ್, ಶಿಫ್ಟ್, ಬ್ಲಾಸ್ಟಿಂಗ್ ಎಂಬ ಮಾತುಗಳು ತಮಿಳಿನ ಪ್ರತ್ಯಯ ಹಚ್ಚಿಕೊಂಡು ತಮ್ಮವೇ ಆದವು. ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿದ ಗಣಿಯಲ್ಲಿ, ಬಂಡೆ ಸಿಡಿಯುವ ಭಯದ ನಡುವೆ, ಮಾತು ತಪ್ಪಾಗಿ ಕೇಳಿದರೆ ಪ್ರಾಣ ಹೋಗುತ್ತಿತ್ತು. ಗೋಡೆಯ ಮೇಲಿನ ಅಂಕಿ, ಕೇಜ್ ಇಳಿಸುವ ಗಂಟೆಯ ಸಂಕೇತ, ಅಪಾಯದ ಕೂಗು ಇವೆಲ್ಲ ಎಲ್ಲ ಭಾಷಿಕರಿಗೂ ಒಂದೇ ಆಗಿರಬೇಕಿತ್ತು. ಕೆಜಿಎಫ್‌ನಲ್ಲಿ ಇಂಗ್ಲಿಷ್ ಜನಸಾಮಾನ್ಯರಿಗೆ ಮೊದಲು ಮುಟ್ಟಿದ್ದು ಹೀಗೆ. ಚಹಾ ಕೂಟದ ಭಾಷೆಯಾಗಿ ಅವರಿಗೆ ಅದು ಸಿಗಲಿಲ್ಲ, ಬೆವರಿನ ಭಾಷೆಯಾಗಿ ಸಿಕ್ಕಿತು.

ಓದುವ ಬರೆಯುವ ಇಂಗ್ಲಿಷ್ ಮಾತ್ರ ಬಹುಕಾಲ ಬೇಲಿಯ ಆಚೆಗೇ ಇತ್ತು. 1930ರಲ್ಲಿ ಕಂಪನಿಗಳು ಕಾರ್ಮಿಕರ ಹೆಬ್ಬೆಟ್ಟಿನ ಗುರುತು ಪಡೆದು ನೋಂದಾಯಿಸಲು ಹೊರಟಾಗ ಗಣಿಗಳೆಲ್ಲ ಸ್ತಬ್ಧವಾದವು. ಆ ಮುಷ್ಕರ ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆಯ ದೊಡ್ಡ ಘಟನೆ. ಕಾಗದ, ದಾಖಲೆ, ಸಹಿ ಎಲ್ಲವೂ ಒಂದು ಕಡೆಯವರ ಕೈಯಲ್ಲಿದ್ದು ಇನ್ನೊಂದು ಕಡೆಯವರ ಬಳಿ ಬರೀ ಬೆರಳು ಇದ್ದಾಗ ಆ ಬೆರಳನ್ನೂ ಕೇಳಿದರೆ ಏನನಿಸುತ್ತದೆ ಎಂಬುದನ್ನು ಕಾರ್ಮಿಕರು ಕೆಲಸ ನಿಲ್ಲಿಸಿ ತೋರಿಸಿದರು. ಹದಿನಾರು ವರ್ಷಗಳ ಬಳಿಕ, 1946ರ ನವೆಂಬರ್ 4ರಂದು, ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಅಷ್ಟರಲ್ಲಿ ಕೆ.ಎಸ್. ವಾಸನ್ ಅವರಂಥ ಕಮ್ಯುನಿಸ್ಟ್ ಮುಖಂಡರ ಸಂಘಟನೆ ಬೇರೂರಿತ್ತು. ಮೈದಾನದ ಸಭೆ ತಮಿಳಿನಲ್ಲಿ, ಕಂಪನಿಯ ಮೇಜಿನೆದುರಿನ ವಾದ ಇಂಗ್ಲಿಷಿನಲ್ಲಿ. ಎರಡೂ ಬಲ್ಲವನೇ ನಾಯಕನಾಗಬಲ್ಲ ಎಂಬುದನ್ನು ಲೈನುಗಳ ಮನೆಗಳು ಆಗಲೇ ಅರಿತುಕೊಂಡವು.

ತಮಿಳು ಈ ಊರಿನಲ್ಲಿ ಬರೀ ಮನೆಮಾತಾಗಿ ಉಳಿಯಲಿಲ್ಲ ಎಂಬುದನ್ನೂ ಮರೆಯಬಾರದು. ಅಯೋತ್ತಿದಾಸ ಪಂಡಿತರು ಮದರಾಸಿನಲ್ಲಿ ಆರಂಭಿಸಿದ್ದ ‘ತಮಿಳನ್’ ಪತ್ರಿಕೆ ಅವರು ತೀರಿಕೊಂಡ ಮೇಲೆ 1926ರಲ್ಲಿ ಮರುಹುಟ್ಟು ಪಡೆದದ್ದು ಕೋಲಾರದ ಗಣಿಯೂರಿನಲ್ಲಿ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪ್ರಕಾಶನ ಬೌದ್ಧ ವಿಚಾರದ ತಮಿಳು ಪುಸ್ತಕಗಳನ್ನು ಮುದ್ರಿಸಿತು. ಇಂಗ್ಲಿಷಿನಲ್ಲಿ ಬೌದ್ಧ ಧರ್ಮದ ಮೇಲೆ ಬರೆದ ಪಿ. ಲಕ್ಷ್ಮೀನರಸು ಅವರ ಆಲೋಚನೆಗಳು ಇದೇ ವಲಯದಲ್ಲಿ ತಮಿಳಿಗೆ ಇಳಿದವು. ಅವರ ಪುಸ್ತಕವನ್ನು ಮುಂದೆ 1948ರಲ್ಲಿ ಡಾ. ಅಂಬೇಡ್ಕರ್ ಮುನ್ನುಡಿ ಬರೆದು ಮರುಮುದ್ರಿಸಿದರು. ಎಂಟು ತಾಸು ಕತ್ತಲಲ್ಲಿ ದುಡಿದು ಬಂದವರು ಲೈನಿನ ದೀಪದಲ್ಲಿ ಪತ್ರಿಕೆ ಓದಿಸಿಕೊಂಡು ಕೇಳುತ್ತಿದ್ದ ಊರಿದು. ಇಂಥವರಿಗೆ ಇಂಗ್ಲಿಷ್ ಬಂದದ್ದರಿಂದ ಬುದ್ಧಿ ಬಂತು ಎನ್ನುವುದು ಅವರಿಗೆ ಮಾಡುವ ಅವಮಾನ. ಅವರು ಬುದ್ಧಿವಂತರಾಗಿದ್ದರಿಂದ ಇಂಗ್ಲಿಷನ್ನೂ ಹಿಡಿದರು.

ಆಂಗ್ಲೋ-ಇಂಡಿಯನ್ನರ ಮಾತು ಬೇರೆ. ಅವರಿಗೆ ಇಂಗ್ಲಿಷ್ ತಾಯಿನುಡಿ. ಸಂವಿಧಾನದ 366ನೇ ವಿಧಿ ಆಂಗ್ಲೋ-ಇಂಡಿಯನ್ ಯಾರೆಂದು ಹೇಳುವಾಗ ತಂದೆಯ ಕಡೆಯ ಯುರೋಪಿಯನ್ ಮೂಲವನ್ನು ನೋಡುತ್ತದೆ, ಭಾಷೆಯನ್ನು ನೋಡುವುದಿಲ್ಲ. ಆದರೂ ಆ ಸಮುದಾಯವನ್ನು ಹಿಡಿದಿಟ್ಟಿದ್ದು ಭಾಷೆಯೇ. ಸ್ವಾತಂತ್ರ್ಯದ ನಂತರ ಬಹಳಷ್ಟು ಕುಟುಂಬಗಳು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋದವು. ಲೋಕಸಭೆ, ವಿಧಾನಸಭೆಗಳಲ್ಲಿ ಅವರಿಗಿದ್ದ ನಾಮಕರಣದ ಸ್ಥಾನ 2020ರ ಜನವರಿಯಲ್ಲಿ ಕೊನೆಗೊಂಡಿತು. ಉಳಿದವರು ಕೆಜಿಎಫ್‌ನ ನೆನಪನ್ನು ಇಂಗ್ಲಿಷಿನಲ್ಲೇ ಬರೆದಿಟ್ಟಿದ್ದಾರೆ. ಗಣಿಯೂರಿನ ಆಂಗ್ಲೋ-ಇಂಡಿಯನ್ ಮನೆಯಲ್ಲಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಅವರ ಅಡುಗೆ ಪುಸ್ತಕಗಳನ್ನು ನೋಡಬೇಕು: ಬಾಲ್ ಕರಿ, ಹಳದಿ ಅನ್ನ, ಕ್ರಿಸ್‌ಮಸ್ಸಿನ ಕಲ್‌ಕಲ್. ಅಲ್ಲಿರುವ ಇಂಗ್ಲಿಷಿಗೆ ಕೊತ್ತಂಬರಿ, ತೆಂಗಿನಕಾಯಿಯ ವಾಸನೆಯಿದೆ. ಅದು ಲಂಡನ್ನಿನದಲ್ಲ, ಉರಿಗಾಂನದು.

ಲೆಕ್ಕ ನೋಡಿದರೆ ತಾಯಿನುಡಿಯ ಇಂಗ್ಲಿಷ್ ಭಾರತದಲ್ಲಿ ತೀರಾ ಸಣ್ಣದು. 2011ರ ಜನಗಣತಿಯಲ್ಲಿ ಇಂಗ್ಲಿಷ್ ತಮ್ಮ ತಾಯಿನುಡಿ ಎಂದವರು 2,59,678 ಮಂದಿ. ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಅದನ್ನು ಹೇಳಿದವರನ್ನೂ ಸೇರಿಸಿದರೆ ಸಂಖ್ಯೆ ಹನ್ನೆರಡೂವರೆ ಕೋಟಿ ಮೀರುತ್ತದೆ. ಅಷ್ಟಾಗಿಯೂ ಅದು ಹತ್ತರಲ್ಲಿ ಒಬ್ಬರ ಭಾಷೆ ಮಾತ್ರ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಅದಕ್ಕೆ ಸ್ಥಾನವಿಲ್ಲ. 1965ರ ವೇಳೆಗೆ ಕೇಂದ್ರದ ಆಡಳಿತದಿಂದ ಹೊರಡಬೇಕಿದ್ದ ಭಾಷೆ ಅದು. ಮದರಾಸಿನ ಬೀದಿಗಳಲ್ಲಿ ಎದ್ದ ಹೋರಾಟ ಅದನ್ನು ಉಳಿಸಿತು. ಇಂಗ್ಲಿಷರ ಮೇಲಿನ ಪ್ರೀತಿಗೆ ಅಲ್ಲಿಯ ವಿದ್ಯಾರ್ಥಿಗಳು ಬೀದಿಗಿಳಿದಿರಲಿಲ್ಲ, ಹಿಂದಿಯೊಂದೇ ಆಳಬಾರದೆಂದು ಇಳಿದಿದ್ದರು. ಅದೇ ಹೊತ್ತಿಗೆ, ಅದೇ 1965ರಲ್ಲಿ, ಚಾಂಪಿಯನ್ ರೀಫ್ಸ್ ಗಣಿಯ 2.3 ಕಿಲೊಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಬ್ರಿಟನ್ನಿನ ಡರ್ಹ್ಯಾಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಗುರುತಿಸಿದರು. ಭಾರತೀಯರೂ ಜಪಾನಿಯರೂ ಬ್ರಿಟಿಷರೂ ಒಂದೇ ಸುರಂಗದಲ್ಲಿ ಕೆಲಸ ಮಾಡಿ ಫಲಿತಾಂಶವನ್ನು ಇಂಗ್ಲಿಷಿನಲ್ಲಿ ಲೋಕಕ್ಕೆ ಹೇಳಿದರು. ಜಗತ್ತಿನ ಭಾಷೆಯೊಂದು ಬೇಕಾಗುವುದು ಇಂಥ ಹೊತ್ತಿನಲ್ಲಿ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾದವು. ಆಂಗ್ಲೋ-ಇಂಡಿಯನ್ನರೂ ಅಧಿಕಾರಿಗಳ ಮಕ್ಕಳೂ ಓದುತ್ತಿದ್ದ ಕಾನ್ವೆಂಟುಗಳ ಬಾಗಿಲು ಈ ದಶಕಗಳಲ್ಲಿ ಲೈನಿನ ಮಕ್ಕಳಿಗೂ ತೆರೆಯುತ್ತಾ ಬಂತು. ಕೆಜಿಎಫ್‌ನ ಇಂಗ್ಲಿಷ್ ನಿಜವಾಗಿ ಊರಿನದಾದದ್ದು ಈಗ, ಇಂಗ್ಲಿಷರು ಹೊರಟ ಮೇಲೆ. ತಾತ ಹೆಬ್ಬೆಟ್ಟು ಒತ್ತಲು ಒಲ್ಲದೆ ಕೆಲಸ ನಿಲ್ಲಿಸಿದ ಮನೆಯಲ್ಲಿ ಅಪ್ಪ ಸಂಬಳದ ಚೀಟಿ ಓದಿದ, ಮಗಳು ಕಾಲೇಜು ಮುಗಿಸಿದಳು. 1964ರಲ್ಲಿ ಹುಟ್ಟಿದ ಬೆಮಲ್ ಕಾರ್ಖಾನೆ ಇಂಥ ಮಕ್ಕಳಲ್ಲಿ ಕೆಲವರಿಗೆ ಕೆಲಸ ಕೊಟ್ಟಿತು. ನಂತರ 2001ರ ಫೆಬ್ರುವರಿ 28 ಬಂತು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿ ಮುಚ್ಚಿತು, ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು. ಊರಿನ ಹೊರಗೆ ಸೈನೈಡ್ ದಿಬ್ಬಗಳು ಉಳಿದವು, ಊರಿನ ಒಳಗೆ ಭಾಷೆ ಉಳಿಯಿತು. ಬೆಂಗಳೂರಿನ ಆಸ್ಪತ್ರೆ, ಹೋಟೆಲು, ಶಾಲೆ, ಕಾಲ್ ಸೆಂಟರುಗಳಲ್ಲಿ ದುಡಿಯಲು ಈ ಊರಿನವರ ಕೈಹಿಡಿದದ್ದು ಅದೇ.

ಇಲ್ಲಿ ಸಿಂಗಪುರವನ್ನು ನೆನೆಯಬೇಕು. ಅಲ್ಲಿ ತಮಿಳು ನಾಲ್ಕು ಅಧಿಕೃತ ಭಾಷೆಗಳಲ್ಲೊಂದು, ನೋಟಿನ ಮೇಲೂ ಅದರ ಅಕ್ಷರವಿದೆ. 1987ರ ಹೊತ್ತಿಗೆ ಅಲ್ಲಿಯ ಶಾಲೆಗಳೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಬಂದವು. 2020ರ ಗಣತಿಯಲ್ಲಿ ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷನ್ನೇ ಆಡುವವರು ಶೇ 48.3ರಷ್ಟಾದರು, ಹತ್ತು ವರ್ಷ ಹಿಂದೆ ಅದು ಶೇ 32ರಷ್ಟಿತ್ತು. ತಮಿಳು ಆಡುವ ಮನೆಗಳು ಕಡಿಮೆಯಾದವು. ಯಾವ ಅಧಿಕೃತ ಪಟ್ಟವೂ ಇಲ್ಲದ ಕೆಜಿಎಫ್‌ನ ತಮಿಳು ಮಾತ್ರ ಮಾರುಕಟ್ಟೆಯಲ್ಲಿ, ಚರ್ಚಿನಲ್ಲಿ, ಮಾರಿಯಮ್ಮನ ಜಾತ್ರೆಯಲ್ಲಿ, ಚುನಾವಣಾ ಭಾಷಣದಲ್ಲಿ ಗಟ್ಟಿಯಾಗಿದೆ. ಅಣ್ಣಾ ಡಿಎಂಕೆಯವರನ್ನೂ ರಿಪಬ್ಲಿಕನ್ ಪಕ್ಷದವರನ್ನೂ ಕರ್ನಾಟಕದ ವಿಧಾನಸಭೆಗೆ ಕಳಿಸಿದ ಕ್ಷೇತ್ರವಿದು. ಭಾಷೆಗೆ ಸರ್ಕಾರದ ಮುದ್ರೆ ಬೇಕು ನಿಜ. ಆದರೆ ಅಕ್ಕಪಕ್ಕದ ಮನೆಯವರು ಆಡುವುದನ್ನು ಬಿಟ್ಟರೆ ಮುದ್ರೆ ಅದನ್ನು ಉಳಿಸದು.

ಹಾಗಾದರೆ ಕನ್ನಡ? ಪ್ರಶ್ನೆ ನೋವಿನದು, ನೇರವಾಗಿಯೇ ಕೇಳಬೇಕಾದ್ದು. ಕರ್ನಾಟಕದ ನೆಲದಲ್ಲಿ, ಕೋಲಾರದ ಜಿಲ್ಲೆಯಲ್ಲಿ, ಕನ್ನಡ ಮೂರನೆಯದೋ ನಾಲ್ಕನೆಯದೋ ಭಾಷೆಯಾಗಿ ನಿಂತ ಊರು ಇದು. ಕನ್ನಡದ ಕಾಳಜಿಯುಳ್ಳ ಅನೇಕರು ಇದಕ್ಕೆ ಇಂಗ್ಲಿಷನ್ನೂ ತಮಿಳನ್ನೂ ದೂರುತ್ತಾರೆ. ದೂರಬೇಕಾದ್ದು ಕಲಿಸಿದ ರೀತಿಯನ್ನು. ಮನೆಯಲ್ಲಿ ತಮಿಳಾಡುವ, ಬೀದಿಯಲ್ಲಿ ತೆಲುಗು ಕೇಳುವ ಮಗುವಿಗೆ ಧಾರವಾಡದ ಮಗುವಿಗೆ ಕೊಡುವ ಪಠ್ಯವನ್ನೇ ಕೊಟ್ಟು, ಕನ್ನಡ ಅದಕ್ಕೆ ಮೊದಲೇ ಗೊತ್ತೆಂದು ಭಾವಿಸಿ ಪಾಠ ಮಾಡಿದರೆ, ಆ ಮಗು ಹತ್ತನೇ ತರಗತಿ ದಾಟಲು ಬೇಕಾದಷ್ಟನ್ನು ಬಾಯಿಪಾಠ ಮಾಡಿ ಬಿಟ್ಟುಬಿಡುತ್ತದೆ. ಮುಂದೆ ರಾಜ್ಯ ಸರ್ಕಾರದ ಕೆಲಸಕ್ಕೆ ಕನ್ನಡ ಪರೀಕ್ಷೆ ಎದುರಾದಾಗ ಸೋಲುತ್ತದೆ. ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡುವ ಯುವಕನೊಬ್ಬ ತನ್ನ ತಾಲ್ಲೂಕು ಕಚೇರಿಯ ನಮೂನೆ ತುಂಬಲು ಇನ್ನೊಬ್ಬರ ನೆರವು ಕೇಳುವುದು ಅವನಿಗೆ ಆದ ನಷ್ಟ, ಕನ್ನಡಕ್ಕೂ ಆದ ನಷ್ಟ.

ಬಂಗಾರಪೇಟೆ ಇನ್ನೊಂದು ಬಗೆಯ ಊರು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿದ್ದ ಈ ಜಂಕ್ಷನ್ ಊರು ಗಣಿಯಿಂದ ಅರ್ಧ ಗಂಟೆ ದೂರ. ಇಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು ಅಂಗಡಿ ಸಾಲಿನಲ್ಲೇ ಬೆರೆಯುತ್ತವೆ. ತಿಳಿ ನೀರಿನ ಪಾನಿಪುರಿಗೆ ಹೆಸರಾದ ಗಾಡಿಗಳ ಮುಂದೆ ನಿಂತರೆ ಸಾಕು, ಒಬ್ಬನೇ ಮನುಷ್ಯ ಐದು ನಿಮಿಷದಲ್ಲಿ ನಾಲ್ಕು ಭಾಷೆ ಆಡುತ್ತಾನೆ. ಆದರೆ ಇಲ್ಲಿಯ ರೈತರ, ಕೂಲಿಗಳ ಮಕ್ಕಳಿಗೆ ಗಣಿಯೂರಿನ ಮಕ್ಕಳಿಗಿರುವ ಇಂಗ್ಲಿಷಿನ ಸಲುಗೆ ಇಲ್ಲ. ಅವರಿಗೆ ಅದು ದುಡ್ಡು ಕೊಟ್ಟು ಕೊಳ್ಳಬೇಕಾದ ಸರಕು. ಕೆರೆಯಿದ್ದೂ ಬಿಂದಿಗೆ ನೀರಿಗೆ ದುಡ್ಡು ಕೊಡುವ ಹಾಗೆ, ಸರ್ಕಾರಿ ಶಾಲೆ ಊರಲ್ಲೇ ಇದ್ದೂ ತಾಯ್ತಂದೆಯರು ಸಾಲ ಮಾಡಿ ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾರೆ. ಆ ಶಾಲೆಗಳಲ್ಲಿ ಎಷ್ಟೋ ಕಡೆ ಇಂಗ್ಲಿಷ್ ಇರುವುದು ಬೋರ್ಡಿನ ಮೇಲೆ ಮಾತ್ರ. ಮಗುವಿಗೆ ಕನ್ನಡದ ಓದೂ ಬಾರದು, ಇಂಗ್ಲಿಷಿನ ಮಾತೂ ಬಾರದು.

ಕಾನೂನಿನ ದಾರಿಯಲ್ಲಿ ಕರ್ನಾಟಕ ಈ ಪ್ರಶ್ನೆಯನ್ನು ದಶಕಗಳ ಕಾಲ ಹಿಡಿದು ಜಗ್ಗಿದೆ. ಗೋಕಾಕ್ ವರದಿ, ಎಂಬತ್ತರ ದಶಕದ ಚಳವಳಿ, 1994ರ ಮಾಧ್ಯಮ ನೀತಿ, ನ್ಯಾಯಾಲಯಗಳ ವಾದ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ತಾಯಿನುಡಿ ಯಾವುದೆಂದು ಹೇಳುವ ಹಕ್ಕು ತಾಯ್ತಂದೆಯರದು ಎಂದು ತೀರ್ಪಿತ್ತಿತು. 2015ರಲ್ಲಿ ರಾಜ್ಯ ಸರ್ಕಾರ ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂಬ ಕಾಯ್ದೆ ತಂದಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು, ಸಾಹಿತಿಗಳು ವಿರೋಧಿಸಿದರು, ತಾಯ್ತಂದೆಯರು ಸಾಲುಗಟ್ಟಿದರು. ಈ ಜಗ್ಗಾಟದಲ್ಲಿ ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಚಿಕ್ಕ ಮಗು ತನಗೆ ತಿಳಿದ ಭಾಷೆಯಲ್ಲಿ ಕಲಿತಾಗಲೇ ಚೆನ್ನಾಗಿ ಕಲಿಯುತ್ತದೆ. ಇಂಗ್ಲಿಷ್ ಬಾರದವನಿಗೆ ಬೆಂಗಳೂರು ಅರ್ಧ ಬಾಗಿಲನ್ನೇ ತೆರೆಯುವುದೂ ಸುಳ್ಳಲ್ಲ. ತಪ್ಪು ಇರುವುದು ಒಂದನ್ನು ಕೊಟ್ಟರೆ ಇನ್ನೊಂದು ಬೇಡ ಎಂಬ ಲೆಕ್ಕದಲ್ಲಿ.

ಕೋಲಾರದ ಮಣ್ಣು ಈ ಲೆಕ್ಕವನ್ನು ಒಪ್ಪಿದ್ದೇ ಇಲ್ಲ. ಬಂಗಾರಪೇಟೆಯಿಂದ ಬೆಂಗಳೂರಿನ ಹಾದಿಯಲ್ಲಿ ಸಿಗುವ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ಮದರಾಸು ವಿಶ್ವವಿದ್ಯಾಲಯದಲ್ಲಿ ಅವರು ಪಡೆದದ್ದು ಇಂಗ್ಲಿಷ್ ಎಂ.ಎ. ಅವರು ಬರೆದದ್ದು ಕನ್ನಡದಲ್ಲಿ, ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ಶಾಲೆಯ ಓದು ಮೆಟ್ರಿಕ್ಯುಲೇಷನ್ನಿನಲ್ಲೇ ನಿಂತಿತು. ಅವರು 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು, ಮುಂದೆ ಕನ್ನಡಕ್ಕೆ ಕೊಟ್ಟದ್ದನ್ನು ಹೇಳಬೇಕಾಗಿಲ್ಲ. ಇವರು ಅಪವಾದಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಇಬ್ಬರೂ ಹಲವು ಭಾಷೆ ಕೂಡಿ ಬಾಳುವ ಈ ಗಡಿಸೀಮೆಯ ಮಕ್ಕಳು. ಇನ್ನೊಂದು ಭಾಷೆ ಬಲ್ಲದ್ದು ಅವರ ಕನ್ನಡವನ್ನು ತೆಳುವಾಗಿಸಲಿಲ್ಲ.

ಆದ್ದರಿಂದ ಕೆಜಿಎಫ್ ಮತ್ತು ಬಂಗಾರಪೇಟೆ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಬೇಕಾದ್ದು ಎರಡು ಸಂಗತಿ, ಒಂದೇ ಸೂರಿನಡಿ. ಮನೆಯಲ್ಲಿ ಕನ್ನಡವಿಲ್ಲದ ಮಕ್ಕಳಿಗೆ ಕನ್ನಡವನ್ನು ಹೊಸ ಭಾಷೆಯೆಂದೇ ತಿಳಿದು, ಮಾತಿನಿಂದ ಶುರುಮಾಡಿ, ಆಮೇಲೆ ಓದಿಗೆ ಒಯ್ಯುವ ಪಠ್ಯ. ಕನ್ನಡ, ತೆಲುಗು ಮನೆಯ ಮಕ್ಕಳಿಗೆ ಇಂಗ್ಲಿಷನ್ನು ವ್ಯಾಕರಣದ ಪ್ರಶ್ನೋತ್ತರವಾಗಿ ಕೊಡದೆ ಆಡಿ ಕಲಿಸಬಲ್ಲ ಶಿಕ್ಷಕರು. ಎರಡನೆಯದಕ್ಕೆ ಈ ಸೀಮೆಯಲ್ಲಿ ಬೇರೆಲ್ಲೂ ಇಲ್ಲದ ಅನುಕೂಲವಿದೆ. ಕಾನ್ವೆಂಟುಗಳಲ್ಲಿ ದಶಕಗಟ್ಟಲೆ ಪಾಠ ಹೇಳಿ ನಿವೃತ್ತರಾದ ಶಿಕ್ಷಕಿಯರು, ಬೆಮಲ್‌ನ ನಿವೃತ್ತ ನೌಕರರು, ಆಂಗ್ಲೋ-ಇಂಡಿಯನ್ ಹಿರಿಯರು ಇಲ್ಲೇ ಮನೆಗಳಲ್ಲಿದ್ದಾರೆ. ವಾರಕ್ಕೆರಡು ದಿನ ಬಂಗಾರಪೇಟೆಯ ಹಳ್ಳಿ ಶಾಲೆಗಳಿಗೆ ಇವರನ್ನು ಕರೆಯಲು ಶಿಕ್ಷಣ ಇಲಾಖೆ ಗೌರವಧನ ಕೊಟ್ಟು ವ್ಯವಸ್ಥೆ ಮಾಡಬಹುದು. ಬಂಗಾರಪೇಟೆಯ ಕನ್ನಡ ಶಿಕ್ಷಕರು ಅದೇ ರೈಲಿನಲ್ಲಿ ಆ ಕಡೆಗೆ ಹೋಗಿ ಲೈನುಗಳ ಮಕ್ಕಳಿಗೆ ಕಥೆ, ಆಟ, ನಾಟಕಗಳಲ್ಲಿ ಕನ್ನಡ ಕಲಿಸಬಹುದು. ಹಣ ಹೆಚ್ಚು ಬೇಕಾಗದು; ಎರಡು ತಾಲ್ಲೂಕುಗಳ ಶಿಕ್ಷಣಾಧಿಕಾರಿಗಳು ಒಂದು ಮೇಜಿಗೆ ಬಂದರೆ ಸಾಕು.

ಮತ್ತೊಂದು ಕೆಲಸಕ್ಕೆ ಕಾಲ ಮೀರುತ್ತಿದೆ. ಗಣಿ ಮುಚ್ಚಿ ಇಪ್ಪತ್ತೈದು ವರ್ಷ ತುಂಬಿತು. ಕೇಜಿನಲ್ಲಿ ಇಳಿದವರು, ಮೇಸ್ತ್ರಿಯ ಇಂಗ್ಲಿಷನ್ನೂ ಸಾಹೇಬನ ತಮಿಳನ್ನೂ ಕಿವಿಯಾರೆ ಕೇಳಿದವರು ಮುದುಕರಾಗಿದ್ದಾರೆ. ಅವರು ಆಡುವ ಮಾತು ಜಗತ್ತಿನ ಇನ್ನಾವ ಗಣಿಯಲ್ಲೂ ಇಲ್ಲ. ಮೂಂಟಾದ ಜನ ತಮ್ಮ ಕಾರ್ನಿಷ್ ಮೂಲದ ನೆನಪಿಗೆ 1973ರಿಂದ ಎರಡು ವರ್ಷಕ್ಕೊಮ್ಮೆ ಉತ್ಸವ ನಡೆಸುತ್ತಾರೆ. ಕೋಲಾರದ ಗಣಿಗಾರರ ನುಡಿಗೆ ಒಂದು ಧ್ವನಿಸಂಗ್ರಹವೂ ಇಲ್ಲಿ ಕಾಣುವುದಿಲ್ಲ. ಕೋಲಾರದಲ್ಲೇ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳನ್ನು ಧ್ವನಿಮುದ್ರಣ ಯಂತ್ರದೊಂದಿಗೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಆಂಡರ್‌ಸನ್‌ಪೇಟೆಯ ಲೈನುಗಳಿಗೆ ಕಳಿಸಬೇಕು. ಗಣಿ ಕಂಪನಿಯ ಹಾಜರಿ ಪುಸ್ತಕಗಳು, ಶಾಲೆಗಳ ದಾಖಲಾತಿ ವಹಿಗಳು, ಸಿದ್ಧಾರ್ಥ ಪ್ರಕಾಶನದ ಹಳೆಯ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅವುಗಳ ಪಟ್ಟಿ ಮಾಡಿ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಬೇಕು. ಸಂಗ್ರಹ ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಇದ್ದರೆ ಇರಲಿ. ಅದರ ಮುನ್ನುಡಿ, ವಿವರಣೆ, ಅನುವಾದ ಕನ್ನಡದಲ್ಲಿ ಬರಲಿ. ಈ ಊರಿನ ಚರಿತ್ರೆಯನ್ನು ತನ್ನದೆಂದು ಕನ್ನಡ ಎತ್ತಿಕೊಳ್ಳಲು ಅಷ್ಟು ಕೆಲಸವನ್ನಾದರೂ ಈ ವರ್ಷವೇ ಆರಂಭಿಸಬೇಕು.